ಗಾಯಕ ಯೊಸ್ಸೆಲೆ ರೋಸೆನ್‌ಬ್ಲಾಟ್

ಯೆಹೂದ್ಯರ ಸಭಾಮಂದಿರದಲ್ಲಿ ಪ್ರಾರ್ಥನೆಗಳನ್ನು ಹಾಡಿ ನಡೆಸುವವನಿಗೆ ಹಜ್ಜಾನನೆಂದು ಹೆಸರು. ಈ ಸೇವೆಯಲ್ಲಿ ಜಗತ್ಪ್ರಸಿದ್ಧರಾದ ಯೊಸ್ಸೆಲೆ ರೋಸೆನ್‌ಬ್ಲಾಟರು 1882ನೆಯ ಇಸವಿಯಲ್ಲಿ, ಆಗ ರಷ್ಯ ಸಾಮ್ರಾಜ್ಯಕ್ಕೆ ಸೇರಿದ್ದ ಉಕ್ರೇನಿನಲ್ಲಿ ಜನಿಸಿದರು. 1912ರಲ್ಲಿ ನ್ಯೂಯಾರ್ಕಿನ ಸಭೆಯೊಂದಕ್ಕೆ ಗಾಯಕರಾದರು. 1918ರಲ್ಲಿ ಶಿಕಾಗೋ ನಗರದ ಸಂಗೀತನಾಟಕ ಮಂಡಲಿಯವರು ರಾತ್ರಿಯೊಂದಕ್ಕೆ 1000 ಡಾಲರು ಕೊಡುವೆವೆಂದು ಕರೆದರು. ನಾಟಕದ ವೇಷವು ತಮ್ಮ ಪವಿತ್ರ ಸೇವೆಗೆ ಒಪ್ಪದೆಂದು ಅವರು ನಿರಾಕರಿಸಿದರು.

ಮುಂದೆ ಪತ್ರಿಕೆಯೊಂದಕ್ಕೆ ಹಣ ತೊಡಗಿಸಿ 1925ರಲ್ಲಿ ದಿವಾಳಿಯಾದರು. ಸಾಲ ತೀರಿಸುವುದಕ್ಕಾಗಿ ವಿನೋದಶಾಲೆಗಳಲ್ಲಿ ಹಾಡಬೇಕಾಯಿತು. ಆದರೂ ಸಬ್ಬತ್ ದಿನದಲ್ಲಿ ರಂಗವನ್ನೇರಲಿಲ್ಲ. 1927ರ ಜಾಜ್ ಸಿಂಗರ್ ಚಲನಚಿತ್ರದಲ್ಲಿ ಹಾಡಿದರು. ದೋಷಪರಿಹಾರಕ ದಿನದ ಪ್ರಾರ್ಥನೆಯನ್ನು ಮಾತ್ರ ಅಲ್ಲಿ ಹಾಡಲೊಪ್ಪಲಿಲ್ಲ. 1933ರಲ್ಲಿ ಯೆರೂಸಲೇಮಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಎಣ್ಣೇಮರಗಳ ಗುಡ್ಡದಲ್ಲಿ ಅವರ ಸಮಾಧಿಯಿದೆ.

ಪ್ರಿಯ ವಿದ್ಯಾರ್ಥಿನಿಯರೇ, ಬಡತನವು ಅವರನ್ನು ರಂಗಕ್ಕೆಳೆಯಿತು. ಅಲ್ಲಿಯೂ ಮೇರೆಯನ್ನು ಹಾಕಿದವರು ಅವರೇ.