ಜ್ಯೂಸ್ ಅಂಗಡಿಯಿಂದ ಟಿ-ಸೀರೀಸ್‌ವರೆಗೆ: ಗುಲ್ಶನ್ ಕುಮಾರ್ ಹಾಕಿದ ಲೆಕ್ಕ

ಯೂಟ್ಯೂಬ್‌ನಲ್ಲಿ ಹನುಮಾನ್ ಚಾಲೀಸಾ ಹಾಕಿದರೆ ಭಕ್ತಿಯಿಂದ ಕೈಮುಗಿದು ಕಾಣಿಸುವ ಒಬ್ಬರನ್ನು ನೀವೆಲ್ಲ ನೋಡಿರ್ತೀರಿ. ಹಾಡಿದ್ದೂ ಅವರೇ ಅಂದ್ಕೊಂಡವರು ಬಹಳ. ಆದರೆ ಹಾಡಿದವರು ಹರಿಹರನ್. ಕಾಣಿಸೋರು ಗುಲ್ಶನ್ ಕುಮಾರ್, ಟಿ-ಸೀರೀಸ್ ಕಂಪನಿ ಕಟ್ಟಿದವರು. ಆ ವಿಡಿಯೋ 300 ಕೋಟಿಗೂ ಹೆಚ್ಚು ವೀಕ್ಷಣೆ ಕಂಡಿದೆ. ಅವರು ತೀರಿಕೊಂಡಿದ್ದು ಮಾತ್ರ 1997ರಲ್ಲಿ, ಯೂಟ್ಯೂಬ್ ಶುರುವಾಗೋಕೆ ಎಂಟು ವರ್ಷ ಮೊದಲೇ.

ದೇಶ ಇಬ್ಭಾಗವಾದಾಗ ಈಗಿನ ಪಾಕಿಸ್ತಾನದಿಂದ ದೆಹಲಿಗೆ ಬಂದ ಪಂಜಾಬಿ ಕುಟುಂಬ ಅವರದ್ದು. ತಂದೆ ದರಿಯಾಗಂಜ್‌ನಲ್ಲಿ ಹಣ್ಣಿನ ಜ್ಯೂಸ್ ಮಾರುತ್ತಿದ್ದರು. ಮಗನೂ ಅಲ್ಲೇ ಕೈಜೋಡಿಸಿ ವ್ಯಾಪಾರ ಕಲಿತರು. ಮುಂದೆ ಕುಟುಂಬ ರೆಕಾರ್ಡ್, ಕ್ಯಾಸೆಟ್ ಮಾರುವ ಅಂಗಡಿಗೆ ಕೈಹಾಕಿತು. ಅವರ ದಾರಿ ಬದಲಾಗಿದ್ದು ಅಲ್ಲಿಂದ.

ಆಗ ಹಾಡಿನ ವ್ಯಾಪಾರ ಅಂದರೆ ಎಚ್‌ಎಂವಿ. ರೆಕಾರ್ಡ್ ದುಬಾರಿ, ಅದನ್ನು ಹಾಕೋ ಪ್ಲೇಯರ್ ಇನ್ನೂ ದುಬಾರಿ. ಬಡವರ ಮನೆಗೆ ರೇಡಿಯೋ ಒಂದೇ ಗತಿ. ಅಷ್ಟರಲ್ಲಿ ಟೇಪ್‌ರೆಕಾರ್ಡರ್ ಬಂತು. ಗುಲ್ಶನ್ ಕುಮಾರ್ 1983ರಲ್ಲಿ ಸೂಪರ್ ಕ್ಯಾಸೆಟ್ಸ್ ಇಂಡಸ್ಟ್ರೀಸ್ ಶುರು ಮಾಡಿದರು. ಟಿ-ಸೀರೀಸ್ ಅದರದೇ ಬ್ರ್ಯಾಂಡ್. ನೋಯ್ಡಾದಲ್ಲಿ ಫ್ಯಾಕ್ಟರಿ ಎದ್ದಿತು.

ಅವರ ಲೆಕ್ಕ ನಮ್ಮ ಸಂತೆ ವ್ಯಾಪಾರಿಗಳಿಗೆ ಗೊತ್ತಿರೋದೇ: ಒಂದು ಮಾಲಿಗೆ ಲಾಭ ಕಮ್ಮಿ ಇರಲಿ, ಮಾಲು ಜಾಸ್ತಿ ಹೋಗಲಿ. ದೊಡ್ಡ ಕಂಪನಿಗಳಿಗಿಂತ ಎಷ್ಟೋ ಕಮ್ಮಿ ಬೆಲೆಗೆ ಕ್ಯಾಸೆಟ್ ಕೊಟ್ಟರು. ಮ್ಯೂಸಿಕ್ ಅಂಗಡಿ ಒಂದನ್ನೇ ನಂಬಿ ಕೂರಲಿಲ್ಲ. ಕಿರಾಣಿ ಅಂಗಡಿ, ಪಾನ್ ಅಂಗಡಿಗೂ ಮಾಲು ಮುಟ್ಟಿಸಿದರು. ಭೋಜ್‌ಪುರಿ, ಗಢವಾಲಿ, ಪಂಜಾಬಿ ಹಾಡು, ಭಜನೆ, ಆರತಿ, ಹೀಗೆ ದೊಡ್ಡವರು ಲಾಭ ಇಲ್ಲ ಅಂತ ಬಿಟ್ಟಿದ್ದನ್ನೆಲ್ಲ ಹಿಡಿದರು.

ಈ ದಾರಿಯಲ್ಲಿ ತಕರಾರೂ ಇತ್ತು. ನೋಟಿಸ್ ಕೊಟ್ಟು, ರಾಯಲ್ಟಿ ಕಟ್ಟಿದರೆ ಹಳೇ ಹಾಡನ್ನು ಬೇರೆಯವರಿಂದ ಹಾಡಿಸಿ ಮಾರಬಹುದು ಅಂತ ಕಾಪಿರೈಟ್ ಕಾನೂನಿನಲ್ಲಿ ಅವಕಾಶ ಇತ್ತು. ಅದನ್ನೇ ಹಿಡಿದು ಹೆಸರಾಂತ ಗಾಯಕರ ಹಾಡುಗಳನ್ನು ಹೊಸಬರಿಂದ ಹಾಡಿಸಿದರು. ಇದು ಪೈರಸಿಗೆ ಹತ್ತಿರದ್ದು ಅಂತ ಹಳೇ ಕಂಪನಿಗಳು ಸಿಟ್ಟಾದವು. ನಕಲಿ ಕ್ಯಾಸೆಟ್ ಆರೋಪವೂ ಬಂತು. ಆದರೆ ಅದೇ ಬಾಗಿಲಿನಿಂದ ಹೊಸ ದನಿಗಳು ಒಳಗೆ ಬಂದಿದ್ದೂ ನಿಜ. ರಫಿ ಹಾಡುಗಳನ್ನು ಹಾಡುತ್ತಿದ್ದ ಸೋನು ನಿಗಮ್ ಅವರಲ್ಲಿ ಒಬ್ಬರು.

ಮುಂದಿನ ಹೆಜ್ಜೆ ಸಿನಿಮಾ. 1988ರ 'ಕಯಾಮತ್ ಸೆ ಕಯಾಮತ್ ತಕ್' ಹಾಡುಗಳು ಟಿ-ಸೀರೀಸ್‌ಗೆ ಹೆಸರು ತಂದವು. 1990ರಲ್ಲಿ 'ಆಶಿಕಿ' ಬಂತು. ಸಂಗೀತ ನದೀಮ್-ಶ್ರವಣ್, ಹೀರೋ-ಹೀರೋಯಿನ್ ಇಬ್ಬರೂ ಹೊಸಬರು. ಹಾಡಿನ ಬಲದ ಮೇಲೇ ಸಿನಿಮಾ ಓಡಿತು. ಕುಮಾರ್ ಸಾನು ಮನೆಮಾತಾದರು. ಅವರ ಜೊತೆ ಹಾಡಿದ ಅನುರಾಧಾ ಪೌಡ್ವಾಲ್ ಹುಟ್ಟಿದ್ದು ನಮ್ಮ ಕಾರವಾರದಲ್ಲಿ. ಟಿ-ಸೀರೀಸ್‌ನ ಭಕ್ತಿಗೀತೆಗಳಲ್ಲೂ ಅವರದೇ ದನಿ ಮುಂದೆ ಇತ್ತು.

ಹಣ ಬಂದ ಹಾಗೆ ಕಣ್ಣೂ ಬಿತ್ತು. 90ರ ದಶಕದ ಮುಂಬೈನಲ್ಲಿ ಸಿನಿಮಾದವರಿಗೆ ಭೂಗತ ಲೋಕದಿಂದ ಹಫ್ತಾಕ್ಕೆ ಫೋನ್ ಬರೋದು ಮಾಮೂಲಿಯಾಗಿತ್ತು. 1997ರ ಆಗಸ್ಟ್ 12ರ ಬೆಳಗ್ಗೆ ಅಂಧೇರಿಯ ಜೀತೇಶ್ವರ ಮಹಾದೇವ ಗುಡಿಯಲ್ಲಿ ಪೂಜೆ ಮುಗಿಸಿ ಹೊರಗೆ ಬಂದ ಗುಲ್ಶನ್ ಕುಮಾರ್ ಅವರನ್ನು ಗುಂಡಿಟ್ಟು ಕೊಂದರು. ಕಾಪಾಡೋಕೆ ಹೋದ ಅವರ ಡ್ರೈವರ್‌ಗೂ ಗುಂಡೇಟು ಬಿತ್ತು. 2002ರಲ್ಲಿ ಒಬ್ಬನಿಗೆ ಜೀವಾವಧಿ ಶಿಕ್ಷೆ ಆಯಿತು. ಬಾಂಬೆ ಹೈಕೋರ್ಟ್ ಅದನ್ನು ಎತ್ತಿಹಿಡಿದು, ಮೊದಲು ಬಿಡುಗಡೆಯಾಗಿದ್ದ ಇನ್ನೊಬ್ಬನಿಗೂ ಜೀವಾವಧಿ ಕೊಟ್ಟಿದ್ದು 2021ರಲ್ಲಿ. ಕೊಲೆಯಾಗಿ ಅಷ್ಟೊತ್ತಿಗೆ 24 ವರ್ಷ ಕಳೆದಿತ್ತು.

ಕಂಪನಿ ಮಗ ಭೂಷಣ್ ಕುಮಾರ್ ಹೆಗಲಿಗೆ ಬಂದಾಗ ಅವರಿಗಿನ್ನೂ 19 ವರ್ಷ. ಕ್ಯಾಸೆಟ್ ಹೋಯ್ತು, ಸಿಡಿ ಬಂತು, ಅದೂ ಹೋಯ್ತು. 2019ರಲ್ಲಿ ಟಿ-ಸೀರೀಸ್ ಯೂಟ್ಯೂಬ್‌ನಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಸಬ್‌ಸ್ಕ್ರೈಬರ್ ಇರುವ ಚಾನೆಲ್ ಆಯಿತು. ಬೇರೆಯವರ ಹಳೇ ಹಾಡುಗಳನ್ನು ಹಾಡಿಸಿ ಬೆಳೆದ ಕಂಪನಿ, ಈಗ ತನ್ನ ಹಾಡುಗಳ ಹಕ್ಕನ್ನು ಕಾಯುತ್ತಾ ಕೂತಿದೆ.

ಇನ್ನೊಂದು ವಿಷಯ. ವೈಷ್ಣೋದೇವಿಗೆ ಹೋದವರು ಬಾಣಗಂಗಾ ಹತ್ತಿರ ಅವರ ಹೆಸರಿನ ಭಂಡಾರ ನೋಡಿರ್ತೀರಿ. ಅಲ್ಲಿ ಯಾತ್ರಿಕರಿಗೆ ಊಟ ಉಚಿತ. ಗುಲ್ಶನ್ ಕುಮಾರ್ ಬದುಕಿದ್ದಾಗ ಶುರು ಮಾಡಿದ್ದು ಅದು.