ಬಾಖ್ ಮನೆಯ ಮಕ್ಕಳು

ತಂದೆತಾಯಿಯ ವಾದ್ಯಪ್ರೀತಿ ಮಕ್ಕಳಿಗೂ ಬರುತ್ತದೆಯೇ? ಪ್ರಸಿದ್ಧ ಸಂಗೀತಗಾರ ಯೊಹಾನ್ ಸೆಬಾಸ್ಟಿಯನ್ ಬಾಖ್ ಅವರ ಬಾಳನ್ನು ನೋಡಿ.

ಅವರು 1685ರಲ್ಲಿ ಜರ್ಮನಿಯ ಐಸೆನಾಖ್ ಪಟ್ಟಣದಲ್ಲಿ ಜನಿಸಿದರು. ತಂದೆ ಆ ಪಟ್ಟಣದ ವಾದ್ಯಗಾರರು. ಹತ್ತು ವರ್ಷ ತುಂಬುವ ಮೊದಲೇ ತಾಯಿಯೂ ತಂದೆಯೂ ತೀರಿಕೊಂಡರು. ಆರ್ಗನ್ ವಾದಕರಾಗಿದ್ದ ಹಿರಿಯಣ್ಣ ಮನೆಗೆ ಕರೆದುಕೊಂಡು ಹೋಗಿ ಸಾಕಿದರು, ಕಲಿಸಿದರು.

ಎರಡು ಮದುವೆಗಳಿಂದ ಬಾಖ್ ಅವರಿಗೆ 20 ಮಕ್ಕಳು; ಬೆಳೆದು ದೊಡ್ಡವರಾದವರು ಹತ್ತೇ ಮಂದಿ. 1720ರಲ್ಲಿ, ಒಂಬತ್ತು ವರ್ಷದ ಹಿರಿಯ ಮಗ ಫ್ರೀಡೆಮಾನನಿಗಾಗಿ ಸ್ವತಃ ಸಂಗೀತಪಾಠದ ಪುಸ್ತಕವನ್ನು ಬರೆಯತೊಡಗಿದರು. ನಾಲ್ವರು ಗಂಡುಮಕ್ಕಳು ಹೆಸರಾಂತ ಸಂಗೀತ ರಚನಕಾರರಾದರು. ಕಿರಿಯವನಾದ ಕ್ರಿಶ್ಚಿಯನ್ 1760ರಲ್ಲಿ ಇಟಲಿಯ ಮಿಲಾನ್ ಪ್ರಧಾನಾಲಯದ ಆರ್ಗನ್ ವಾದಕನಾದ.

ಆದರೆ ಇನ್ನೊಬ್ಬ ಮಗ ಬರ್ನ್‌ಹಾರ್ಡನೂ ಅದೇ ಮನೆಯಲ್ಲಿ ಬೆಳೆದವನು. ತಂದೆ ಶಿಫಾರಸು ಮಾಡಿ ಕೊಡಿಸಿದ ಆರ್ಗನ್ ವಾದಕನ ಕೆಲಸವನ್ನು ತೊರೆದು, ಸಾಲ ಉಳಿಸಿ ಊರು ಬಿಟ್ಟ. ಮಗ ಎಲ್ಲಿದ್ದಾನೆಂದು ತಿಳಿಯದೆ ತಂದೆ ನೊಂದರು. ಕಾನೂನು ಓದಲು ಸೇರಿದ ಆತ 1739ರಲ್ಲಿ, 24ನೇ ವಯಸ್ಸಿನಲ್ಲೇ ತೀರಿಕೊಂಡ. ತಂದೆ ಬಾಖ್ 1750ರಲ್ಲಿ ನಿಧನರಾದರು.

ತಂದೆತಾಯಿಗಳೇ, ಮಕ್ಕಳ ಕೈಗೆ ವಾದ್ಯ ಕೊಡಿ, ಜೊತೆಯಲ್ಲಿ ಕುಳಿತು ಕಲಿಸಿ. ಒಲವು ಹುಟ್ಟುವುದು ಮಾತ್ರ ಅವರ ಮನಸ್ಸಿನಲ್ಲಿ. ನುಡಿಸುವ ಮಗುವಿನಂತೆ ನುಡಿಸದ ಮಗುವೂ ನಿಮ್ಮದೇ.