ಚಿನ್ನದ ಗಣಿಯಿಂದ ಹಿಮದ ನಾಡಿಗೆ

ಮಕ್ಕಳೇ, ಧನುರ್ಮಾಸದ ಬೆಳಗಿನಲ್ಲಿ ಮಿರ್ಲೆಯ ಹೊಲಗದ್ದೆಗಳ ಮೇಲೆ ಕವಿಯುವ ಮಂಜನ್ನು ನೀವು ನೋಡಿರುತ್ತೀರಿ. ಬಿಸಿಲೇರಿದರೆ ಅದು ಮಾಯ. ಆದರೆ ಭೂಮಿಯ ಉತ್ತರ ತುದಿಯಲ್ಲಿರುವ ಆರ್ಕ್ಟಿಕ್ ಪ್ರದೇಶದಲ್ಲಿ ಸಮುದ್ರದ ನೀರೇ ಹೆಪ್ಪುಗಟ್ಟುತ್ತದೆ. ಅಲ್ಲಿಗೆ ಸ್ವಂತ ಹಣದಲ್ಲಿ ವಿಜ್ಞಾನಿಗಳನ್ನು ಕರೆದೊಯ್ದು, ತಾವೂ ಅವರೊಡನೆ ದುಡಿದ ಮಹಿಳೆಯೊಬ್ಬರಿದ್ದರು. ಅವರೇ ಲೂಯಿಸ್ ಬಾಯ್ಡ್.

ಲೂಯಿಸ್ 1887ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜನಿಸಿದರು. ನಮ್ಮ ಕೋಲಾರದಂತೆ ಅಲ್ಲಿನ ಬೋಡಿಯಲ್ಲೂ ಚಿನ್ನದ ಗಣಿಗಳಿದ್ದವು. ಆ ಗಣಿಗಳಿಂದ ತಂದೆ ಶ್ರೀಮಂತರಾದರು. ಆದರೆ ಸೋದರರಿಬ್ಬರೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. 1920ರ ಹೊತ್ತಿಗೆ ತಂದೆತಾಯಿಯೂ ಇಲ್ಲವಾದರು. ಅಪಾರ ಆಸ್ತಿಗೆ ಲೂಯಿಸ್ ಒಬ್ಬರೇ ಉಳಿದರು.

1924ರಲ್ಲಿ ಪ್ರವಾಸಿ ಹಡಗಿನಿಂದ ಅವರು ಮೊದಲ ಬಾರಿಗೆ ಧ್ರುವದ ಹಿಮವನ್ನು ಕಂಡು ಮನಸೋತರು. 1926ರಲ್ಲಿ ಹಡಗೊಂದನ್ನು ಬಾಡಿಗೆಗೆ ಪಡೆದು ಮತ್ತೆ ಹೋದರು. ಆಗ ಹೋದದ್ದು ಹಿಮಕರಡಿಗಳ ಬೇಟೆಗೆ!

1928ರಲ್ಲಿ ಅವರ ಬದುಕೇ ತಿರುಗಿತು. ದಕ್ಷಿಣ ಧ್ರುವವನ್ನು ಮೊದಲು ತಲುಪಿದ ನಾರ್ವೆಯ ಅಮುಂಡ್ಸೆನ್ ಅವರು, ಆರ್ಕ್ಟಿಕ್‌ನಲ್ಲಿ ಅಪಘಾತಕ್ಕೀಡಾದವರನ್ನು ಹುಡುಕಲು ವಿಮಾನದಲ್ಲಿ ಹೊರಟು ಕಣ್ಮರೆಯಾದರು. ಲೂಯಿಸ್ ತಾವು ಗೊತ್ತುಮಾಡಿದ್ದ ಹಡಗನ್ನು ಹುಡುಕಾಟಕ್ಕೆ ಬಿಟ್ಟುಕೊಟ್ಟು, ತಾವೂ ಅದರಲ್ಲಿ ಹೊರಟರು. ಸುಮಾರು 16,000 ಕಿ.ಮೀ. ಸುತ್ತಿದರೂ ಅಮುಂಡ್ಸೆನ್ ಸಿಗಲಿಲ್ಲ. ಆ ಸೇವೆಗಾಗಿ ನಾರ್ವೆ ಅವರನ್ನು ಗೌರವಿಸಿತು.

ಮುಂದೆ ಅವರ ಯಾತ್ರೆಗಳು ವಿಜ್ಞಾನಕ್ಕೇ ಮೀಸಲಾದವು. 1931, 1933, 1937 ಮತ್ತು 1938ರಲ್ಲಿ ವೆಸ್ಲೆಕಾರಿ ಎಂಬ ಹಡಗಿನಲ್ಲಿ ಗ್ರೀನ್‌ಲ್ಯಾಂಡಿನ ಪೂರ್ವ ಕರಾವಳಿಗೆ ಹೋದರು. ಜೊತೆಯಲ್ಲಿ ಸಸ್ಯವಿಜ್ಞಾನಿ, ಭೂವಿಜ್ಞಾನಿಗಳಿದ್ದರು. ಕಾಲೇಜು ಮೆಟ್ಟಿಲು ಹತ್ತದ ಲೂಯಿಸ್ ಛಾಯಾಗ್ರಹಣ ಕಲಿತು ಸಾವಿರಾರು ಚಿತ್ರ ತೆಗೆದರು, ಗಿಡಗಳನ್ನು ಸಂಗ್ರಹಿಸಿದರು. ಆ ಚಿತ್ರಗಳಿಂದ ಭೂಪಟಗಳು ಸಿದ್ಧವಾದವು. ಸಮುದ್ರದ ಆಳವನ್ನೂ ಅಳೆದರು. ಹೇಗೆ ಗೊತ್ತೇ? ಹಡಗಿನಿಂದ ಕೆಳಕ್ಕೆ ಕಳಿಸಿದ ಶಬ್ದ ತಳಕ್ಕೆ ಬಡಿದು ಪ್ರತಿಧ್ವನಿಯಾಗಿ ಮರಳುತ್ತದೆ. ಅದಕ್ಕೆ ಹಿಡಿದ ಸಮಯದಿಂದ ಆಳ ತಿಳಿಯುತ್ತದೆ.

ಎರಡನೇ ಮಹಾಯುದ್ಧ ಆರಂಭವಾದಾಗ, ಈ ಮಾಹಿತಿ ಶತ್ರುಗಳ ಕೈಸೇರಬಾರದೆಂದು ಸರ್ಕಾರ ಕೇಳಿಕೊಂಡಿತು. ಲೂಯಿಸ್ ತಮ್ಮ ಪುಸ್ತಕವನ್ನು ತಡೆಹಿಡಿದರು. ಅದು ಹೊರಬಂದದ್ದು 1948ರಲ್ಲಿ. 1955ರಲ್ಲಿ, 67ನೇ ವಯಸ್ಸಿನಲ್ಲಿ, ಬಾಡಿಗೆ ವಿಮಾನದಲ್ಲಿ ಉತ್ತರ ಧ್ರುವದ ಮೇಲೆ ಹಾರಿಬಂದರು.

ಕೊನೆಗೆ ಆಸ್ತಿ ಕರಗಿತು, ಮನೆಯೂ ಮಾರಾಟವಾಯಿತು. 1972ರಲ್ಲಿ ಲೂಯಿಸ್ ತೀರಿಕೊಂಡರು. ಆದರೆ ಅವರ ಚಿತ್ರಗಳು ಉಳಿದಿವೆ. ಅಂದಿನ ಹಿಮನದಿಗೂ ಇಂದಿನದಕ್ಕೂ ಇರುವ ವ್ಯತ್ಯಾಸವನ್ನು ಅಂಥ ಹಳೆಯ ಚಿತ್ರಗಳೇ ಹೇಳಬೇಕು. 2008ರಿಂದ ಭಾರತಕ್ಕೂ ಆರ್ಕ್ಟಿಕ್‌ನಲ್ಲಿ ಹಿಮಾದ್ರಿ ಎಂಬ ಸಂಶೋಧನಾ ಕೇಂದ್ರವಿದೆ. ಅಲ್ಲಿನ ಹಿಮಕ್ಕೂ ನಮ್ಮ ಮುಂಗಾರಿಗೂ ಇರುವ ನಂಟನ್ನು ನಮ್ಮ ವಿಜ್ಞಾನಿಗಳು ಹುಡುಕುತ್ತಿದ್ದಾರೆ.

ನೀವೂ ಮಾಡಿ ನೋಡಿ: ಪ್ರತಿ ತಿಂಗಳು ಹಿರಿಯರೊಡನೆ ಒಂದೇ ಜಾಗದಲ್ಲಿ ನಿಂತು ನಿಮ್ಮೂರ ಕೆರೆಯ ಚಿತ್ರ ಬರೆಯಿರಿ. ದಿನಾಂಕ ಹಾಕಲು ಮರೆಯಬೇಡಿ. ವರ್ಷದ ಕೊನೆಗೆ ಎಲ್ಲವನ್ನೂ ಸಾಲಾಗಿ ಇಟ್ಟು ಹೋಲಿಸಿ.